ದೊಡ್ಡ ಕಾರಿಗೆ ತಕ್ಕ ಇಂಧನ, ತಕ್ಕ ಆರೈಕೆ

1991ರಲ್ಲಿ ಆರ್ಥಿಕ ಉದಾರೀಕರಣ ಆರಂಭವಾದ ಮೇಲೆ ವಿದೇಶೀ ಸಂಸ್ಥೆಗಳ ದೊಡ್ಡ ಕಾರುಗಳು ಭಾರತದಲ್ಲಿಯೇ ತಯಾರಾಗತೊಡಗಿದವು. ಜರ್ಮನಿಯ ಮರ್ಸಿಡಿಸ್-ಬೆಂಜ್ ಸಂಸ್ಥೆಯು 1995ರಲ್ಲಿ ಪುಣೆಯಲ್ಲಿಯೂ, ಬಿ.ಎಂ.ಡಬ್ಲ್ಯು. ಸಂಸ್ಥೆಯು 2007ರಲ್ಲಿ ಚೆನ್ನೈ ಸಮೀಪದಲ್ಲಿಯೂ ತಮ್ಮ ಸೆಡಾನ್ ಕಾರುಗಳ ಜೋಡಣೆಯನ್ನು ಆರಂಭಿಸಿದವು. ಒಂದು ಕಾಲಕ್ಕೆ ಉದ್ಯಮಪತಿಗಳ ಮನೆಯ ಮುಂದೆ ಮಾತ್ರ ಕಾಣಬರುತ್ತಿದ್ದ ಇಂತಹ ವಾಹನಗಳು ಇಂದು ಮಧ್ಯಮ ವರ್ಗದವರ ಕೈಗೂ ಎಟಕುತ್ತಿವೆ. ಏಳೆಂಟು ವರ್ಷ ಓಡಿದ ಐಷಾರಾಮಿ ಸೆಡಾನ್ ಒಂದು ಹೊಸ ಸಾಮಾನ್ಯ ಕಾರಿನ ಬೆಲೆಗೆ ದೊರೆಯುವುದುಂಟು.

ಆದರೆ ಇಲ್ಲಿ ಒಂದು ಮಾತನ್ನು ಮರೆಯಬಾರದು. ಹಳೆಯದಾದಂತೆ ಕಾರಿನ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಸಕಾಲದಲ್ಲಿ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯಬೇಕಾದ ಕೆಲಸವನ್ನು ಮುಂದೂಡಿದರೆ ಅದೇ ಲಕ್ಷಗಳ ವೆಚ್ಚವಾಗಿ ಎದುರು ನಿಲ್ಲುತ್ತದೆ. ವಾಹನದ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಗ್ಯಾರೇಜಿನ ಮಾತು ಮುಂಬಯಿ, ಪುಣೆಗಳಲ್ಲಿ ಮರಾಠಿ ಅಥವಾ ಹಿಂದಿ, ಚೆನ್ನೈಯಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು. ಹೀಗಾಗಿ ಹೊರನಾಡಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯದ ಮೂಲಾಂಶಗಳನ್ನು ತಮ್ಮ ಭಾಷೆಯಲ್ಲಿ ತಿಳಿಸುವುದು ಈ ಲೇಖನದ ಉದ್ದೇಶ.

ಇಂಜಿನ್ನಿನ "ಬಡಿತ" ಎಂದರೇನು?

ಪೆಟ್ರೋಲ್ ಇಂಜಿನ್ನಿನ ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲ್ ಆವಿಯ ಮಿಶ್ರಣವನ್ನು ಪಿಸ್ಟನ್ ಮೇಲಕ್ಕೆ ಒತ್ತುತ್ತದೆ. ತಕ್ಕ ಕ್ಷಣದಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿಯು ಮಿಶ್ರಣಕ್ಕೆ ಬೆಂಕಿ ಹೊತ್ತಿಸುತ್ತದೆ. ಜ್ವಾಲೆಯು ಪ್ಲಗ್ಗಿನ ಬಳಿಯಿಂದ ಆರಂಭವಾಗಿ ಕ್ರಮಕ್ರಮವಾಗಿ ಹರಡಬೇಕು. ಕೆಲವೊಮ್ಮೆ ಜ್ವಾಲೆ ತಲುಪುವ ಮೊದಲೇ, ಒತ್ತಡ ಮತ್ತು ಶಾಖವನ್ನು ತಾಳಲಾರದೆ, ಮೂಲೆಯಲ್ಲಿ ಉಳಿದ ಮಿಶ್ರಣವು ತಾನಾಗಿ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಲೋಹವನ್ನು ಸುತ್ತಿಗೆಯಿಂದ ತಟ್ಟಿದಂತಹ ಸದ್ದು ಕೇಳಿಸುತ್ತದೆ. ಇದನ್ನೇ ನಾಕಿಂಗ್ ಅಥವಾ ಬಡಿತ ಎನ್ನುತ್ತಾರೆ. ಏರು ರಸ್ತೆಯಲ್ಲಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರನ್ನು ಬಲವಾಗಿ ಒತ್ತಿದಾಗ ಇದು ಹೆಚ್ಚು. ಈ ಬಡಿತ ದೀರ್ಘಕಾಲ ಮುಂದುವರಿದರೆ ಪಿಸ್ಟನ್ ಮತ್ತು ಅದರ ರಿಂಗುಗಳು ಒಡೆಯುವ ಸಂಭವವಿದೆ.

ಪೆಟ್ರೋಲು ಈ ಬಡಿತವನ್ನು ಎಷ್ಟರ ಮಟ್ಟಿಗೆ ತಡೆಯಬಲ್ಲದು ಎಂಬುದರ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೋ-ಆಕ್ಟೇನ್ ಎಂಬ ದ್ರವಕ್ಕೆ 100 ಎಂದೂ, ಬಲುಬೇಗ ಬಡಿತಕ್ಕೆ ಎಡೆಗೊಡುವ ನಾರ್ಮಲ್ ಹೆಪ್ಟೇನ್ ಎಂಬ ದ್ರವಕ್ಕೆ 0 ಎಂದೂ ಮೌಲ್ಯ ನೀಡಲಾಗಿದೆ. ಪರೀಕ್ಷೆಗೆ ಒಳಪಡಿಸಿದ ಪೆಟ್ರೋಲು 91 ಭಾಗ ಐಸೋ-ಆಕ್ಟೇನ್ ಮತ್ತು 9 ಭಾಗ ಹೆಪ್ಟೇನ್ ಕೂಡಿದ ಮಿಶ್ರಣದಷ್ಟೇ ಬಡಿತವನ್ನು ತಡೆದರೆ ಅದರ ಆಕ್ಟೇನ್ ಸಂಖ್ಯೆ 91. ಆಕ್ಟೇನ್ ಸಂಖ್ಯೆಯು ಪೆಟ್ರೋಲಿನ ಶುದ್ಧತೆಯ ಅಳತೆಯಲ್ಲ, ಅದರಲ್ಲಿ ಅಡಗಿರುವ ಶಕ್ತಿಯ ಅಳತೆಯೂ ಅಲ್ಲ. ಅದು ತಾಳಿಕೆಯ ಅಳತೆ ಮಾತ್ರ.

ಹಿಂದೆ ಆಕ್ಟೇನ್ ಸಂಖ್ಯೆಯನ್ನು ಹೆಚ್ಚಿಸಲು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಲಾಗುತ್ತಿತ್ತು. 1921ರಲ್ಲಿ ಅಮೆರಿಕದಲ್ಲಿ ಕಂಡುಹಿಡಿಯಲಾದ ಈ ಉಪಾಯವು ಜನರ ಆರೋಗ್ಯಕ್ಕೆ, ಅದರಲ್ಲಿಯೂ ಮಕ್ಕಳ ಮಿದುಳಿಗೆ, ಮಾರಕವೆಂದು ಸಿದ್ಧವಾಯಿತು. ಹೊಗೆಯನ್ನು ಶುದ್ಧಗೊಳಿಸುವ ಕೆಟಲಿಟಿಕ್ ಕನ್ವರ್ಟರನ್ನೂ ಸೀಸವು ಕೆಡಿಸುತ್ತದೆ. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಸೀಸರಹಿತ ಪೆಟ್ರೋಲು ದೊರೆಯಲಾರಂಭಿಸಿ, 2000ನೇ ಇಸವಿಯಲ್ಲಿ ದೇಶಾದ್ಯಂತ ಸೀಸಯುಕ್ತ ಪೆಟ್ರೋಲಿನ ಮಾರಾಟ ನಿಂತಿತು.

ಕಾರು ಕೇಳುವ ಸಂಖ್ಯೆ ಯಾವುದು?

2020ರ ಏಪ್ರಿಲ್ 1ರಂದು ದೇಶಾದ್ಯಂತ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನಕವು ಸಾಧಾರಣ ಪೆಟ್ರೋಲಿಗೆ ಕನಿಷ್ಠ 91, ಪ್ರೀಮಿಯಂ ಪೆಟ್ರೋಲಿಗೆ ಕನಿಷ್ಠ 95 ಎಂಬ ಆಕ್ಟೇನ್ ಸಂಖ್ಯೆಯನ್ನು ವಿಧಿಸಿತು. ಇದಲ್ಲದೆ 97, 99, 100 ಸಂಖ್ಯೆಯ ಪೆಟ್ರೋಲುಗಳೂ ಕೆಲವು ನಗರಗಳ ಆಯ್ದ ಬಂಕುಗಳಲ್ಲಿ ಮಾರಾಟಕ್ಕೆ ಬಂದಿವೆ. ಇವುಗಳಲ್ಲಿ ತಮ್ಮ ಕಾರಿಗೆ ಯಾವುದು ತಕ್ಕುದು ಎಂಬುದನ್ನು ಮಾಲೀಕರು ಊಹೆಯಿಂದ ತೀರ್ಮಾನಿಸಬಾರದು. ಪೆಟ್ರೋಲ್ ತುಂಬುವ ಮುಚ್ಚಳದ ಒಳಮೈಯಲ್ಲಿ ಅಂಟಿಸಿರುವ ಚೀಟಿಯನ್ನೂ ಕೈಪಿಡಿಯ ಇಂಧನ ಅಧ್ಯಾಯವನ್ನೂ ಓದಿಕೊಳ್ಳಬೇಕು. ಐಷಾರಾಮಿ ಕಾರುಗಳಲ್ಲಿ ಟರ್ಬೋ ಚಾರ್ಜರ್ ಇರುವುದು ಸಾಮಾನ್ಯ. ಅದು ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದರಿಂದ ಒಳಗಿನ ಒತ್ತಡ ಅಧಿಕ. ಆದುದರಿಂದ ಇಂತಹ ಕಾರುಗಳಲ್ಲಿ ಬಹುತೇಕವು 95 ಅನ್ನು ಅಪೇಕ್ಷಿಸುತ್ತವೆ.

ಚೀಟಿಯಲ್ಲಿ "ಕನಿಷ್ಠ" ಎಂದಿದೆಯೋ "ಶಿಫಾರಸು" ಎಂದಿದೆಯೋ ಎಂಬುದನ್ನು ಗಮನಿಸುವುದು ಮುಖ್ಯ. "ಕನಿಷ್ಠ 91, ಶಿಫಾರಸು 95" ಎಂದಿದ್ದರೆ 91ರಲ್ಲಿ ಇಂಜಿನ್ನಿಗೆ ಹಾನಿಯಿಲ್ಲ, ಆದರೆ ಪೂರ್ಣ ಸಾಮರ್ಥ್ಯ ದೊರೆಯದು. "ಕನಿಷ್ಠ 95" ಎಂದಿದ್ದರೆ ಅದಕ್ಕಿಂತ ಕೆಳಗಿನದನ್ನು ವಾಡಿಕೆಯಾಗಿ ತುಂಬುವುದು ಸಲ್ಲದು.

ಇಲ್ಲಿ ಅನೇಕರು ಎಡವುವ ಒಂದು ಸ್ಥಳವಿದೆ. ಭಾರತ ಮತ್ತು ಯೂರೋಪಿನಲ್ಲಿ ಬಳಕೆಯಲ್ಲಿರುವುದು ರಿಸರ್ಚ್ ಆಕ್ಟೇನ್ ಸಂಖ್ಯೆ. ಹೆಚ್ಚು ಕಠಿಣವಾದ ಪರೀಕ್ಷೆಯಿಂದ ದೊರೆಯುವ ಮೋಟಾರ್ ಆಕ್ಟೇನ್ ಸಂಖ್ಯೆ ಎಂಬ ಇನ್ನೊಂದಿದೆ. ಅದು ಸಾಮಾನ್ಯವಾಗಿ ಎಂಟು ಹತ್ತು ಅಂಕ ಕಡಿಮೆ. ಅಮೆರಿಕದ ಬಂಕುಗಳಲ್ಲಿ ಇವೆರಡರ ಸರಾಸರಿಯನ್ನು ನಮೂದಿಸುತ್ತಾರೆ. ಆದುದರಿಂದ ಅಮೆರಿಕದ 87 ನಮ್ಮ 91ಕ್ಕೆ ಸರಿಸುಮಾರು ಸಮಾನ. ಅಲ್ಲಿನ 91 ನಮ್ಮ 95ರ ಆಸುಪಾಸಿನದು. ಅಮೆರಿಕದ ಕೈಪಿಡಿಯಲ್ಲಿ "91 ಬಳಸಿ" ಎಂಬುದನ್ನು ಓದಿ ಇಲ್ಲಿ ಸಾಧಾರಣ ಪೆಟ್ರೋಲನ್ನು ತುಂಬಿದರೆ, ಕಾರು ಕೇಳಿದ್ದಕ್ಕಿಂತ ಕೆಳದರ್ಜೆಯ ಇಂಧನವನ್ನು ಕೊಟ್ಟಂತಾಗುತ್ತದೆ.

ಹೆಚ್ಚಿನ ಸಂಖ್ಯೆಯಿಂದ ಹೆಚ್ಚಿನ ಲಾಭವೇ?

91ಕ್ಕಾಗಿ ನಿರ್ಮಿಸಿದ ಇಂಜಿನ್ನಿಗೆ 100 ಸಂಖ್ಯೆಯ ಪೆಟ್ರೋಲು ಹಾಕಿದರೆ ಹಾನಿಯೂ ಇಲ್ಲ, ಗಮನಾರ್ಹ ಲಾಭವೂ ಇಲ್ಲ. ಉದಾಹರಣೆಗೆ, ಎರಡು ದರ್ಜೆಗಳ ನಡುವೆ ಲೀಟರಿಗೆ 8 ರೂಪಾಯಿ ವ್ಯತ್ಯಾಸವಿದೆಯೆಂದು ಭಾವಿಸೋಣ. ವರ್ಷಕ್ಕೆ 12,000 ಕಿಲೋಮೀಟರ್ ಓಡುವ, ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರಿಗೆ 1,200 ಲೀಟರ್ ಪೆಟ್ರೋಲು ಬೇಕು. ಹೆಚ್ಚುವರಿ ವೆಚ್ಚ 9,600 ರೂಪಾಯಿ. 95 ಅನ್ನು ಕೇಳುವ ಕಾರಿಗೆ ಈ ವೆಚ್ಚ ಸಾರ್ಥಕ. ಕೇಳದ ಕಾರಿಗೆ ಅದು ನಿರರ್ಥಕ. ಆ ಹಣದಲ್ಲಿ ಬ್ರೇಕ್ ದ್ರವವನ್ನು ಬದಲಾಯಿಸಿಕೊಂಡು, ಇನ್ನೂ ಒಂದಷ್ಟು ಉಳಿಸಬಹುದು.

ಆಧುನಿಕ ಇಂಜಿನ್ನಿಗೆ ಬಡಿತವನ್ನು ಗುರುತಿಸುವ ನಾಕ್ ಸೆನ್ಸರ್ ಇರುತ್ತದೆ. ಬಡಿತ ಕಂಡೊಡನೆ ಗಣಕವು ಕಿಡಿ ಹಾರುವ ಕ್ಷಣವನ್ನು ಹಿಂದೂಡಿ ಇಂಜಿನ್ನನ್ನು ಕಾಪಾಡುತ್ತದೆ. ಪರಿಣಾಮವಾಗಿ ಶಕ್ತಿ ಕುಗ್ಗುತ್ತದೆ, ಇಂಧನ ಹೆಚ್ಚು ವ್ಯಯವಾಗುತ್ತದೆ. ದೂರಪ್ರಯಾಣದಲ್ಲಿ 95 ದೊರೆಯದಿದ್ದರೆ ಗಾಬರಿಪಡಬೇಕಾದುದಿಲ್ಲ. ಬೇಕಾದಷ್ಟೇ ಸಾಧಾರಣ ಪೆಟ್ರೋಲು ತುಂಬಿ, ಆಕ್ಸಿಲರೇಟರನ್ನು ಹದವಾಗಿ ಬಳಸಿ, ಮುಂದಿನ ಊರಿನಲ್ಲಿ 95 ತುಂಬಿಸಿಕೊಳ್ಳಬಹುದು. ಎರಡೂ ಬೆರೆಯುವುದರಿಂದ ತೊಂದರೆಯಿಲ್ಲ. ಆದರೆ ಸೆನ್ಸರ್ ಇದೆಯೆಂಬ ಧೈರ್ಯದಿಂದ ಅದನ್ನೇ ರೂಢಿ ಮಾಡಿಕೊಳ್ಳುವುದು ವಿವೇಕವಲ್ಲ.

ಆಕರ್ಷಕ ಹೆಸರಿನ ಪೆಟ್ರೋಲುಗಳೆಲ್ಲ ಹೆಚ್ಚಿನ ಆಕ್ಟೇನಿನವಾಗಿರಬೇಕೆಂದಿಲ್ಲ. ಇಂಜಿನ್ನನ್ನು ಶುಚಿಗೊಳಿಸುವ ರಾಸಾಯನಿಕವನ್ನು ಬೆರೆಸಿ ಬೇರೆ ಹೆಸರಿನಲ್ಲಿ ಮಾರುವ ಪದ್ಧತಿಯೂ ಉಂಟು. ಹೆಸರನ್ನು ನೋಡದೆ ಸಂಖ್ಯೆಯನ್ನು ಕೇಳಿ ತಿಳಿಯಬೇಕು.

ಎಥನಾಲ್ ಬೆರೆತ ಪೆಟ್ರೋಲು

ಶೇಕಡ 20ರಷ್ಟು ಎಥನಾಲ್ ಬೆರೆತ ಇ-20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥನಾಲಿನ ಆಕ್ಟೇನ್ ಸಂಖ್ಯೆ 100ಕ್ಕೂ ಮಿಗಿಲು. ಆದುದರಿಂದ ಬಡಿತದ ದೃಷ್ಟಿಯಿಂದ ಅದು ಸಹಾಯಕವೇ. ಆದರೆ ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿಯು ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಭಾಗ ಕಡಿಮೆ. ಎಥನಾಲ್ ಇಲ್ಲದ ಪೆಟ್ರೋಲಿಗಾಗಿ ರೂಪಿಸಿ, ಶೇಕಡ 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಇ-20 ಬಳಸಿದಾಗ ಇಂಧನ ದಕ್ಷತೆಯು ಶೇಕಡ 6ರಿಂದ 7ರಷ್ಟು ಕಡಿಮೆಯಾಗಬಹುದೆಂದು ನೀತಿ ಆಯೋಗವು 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಅಂದಾಜು ಮಾಡಿತು.

ಹಳೆಯ ಕಾರು ಕೊಂಡವರು ತಮ್ಮ ವಾಹನಕ್ಕೆ ಎಷ್ಟು ಪ್ರಮಾಣದ ಎಥನಾಲ್ ಸಮ್ಮತವೆಂಬುದನ್ನು ತಯಾರಕರ ಅಧಿಕೃತ ಸೇವಾಕೇಂದ್ರದಲ್ಲಿ ವಿಚಾರಿಸಬೇಕು. ಹಳೆಯ ಇಂಧನ ಕೊಳವೆಗಳು, ರಬ್ಬರ್ ವಾಷರುಗಳು ಗಟ್ಟಿಯಾಗಿ ಬಿರುಕುಬಿಟ್ಟಿವೆಯೇ ಎಂದು ಪ್ರತಿ ಸರ್ವಿಸಿನಲ್ಲಿಯೂ ಪರೀಕ್ಷಿಸಬೇಕು. ಪೆಟ್ರೋಲಿನ ವಾಸನೆ ಬಂದರೆ ಒಂದು ದಿನವೂ ಅಲಕ್ಷಿಸಬಾರದು. ಎಥನಾಲ್ ಗಾಳಿಯ ತೇವಾಂಶವನ್ನು ಹೀರುತ್ತದೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ತಿಂಗಳುಗಟ್ಟಲೆ ಕಾರು ನಿಲ್ಲಿಸುವವರು ಟ್ಯಾಂಕಿನಲ್ಲಿ ತಳಮಟ್ಟದ ಪೆಟ್ರೋಲನ್ನು ಮಾತ್ರ ಉಳಿಸಿ ಹೋಗಬಾರದು. ಟ್ಯಾಂಕು ಬರಿದಾದಷ್ಟೂ ಒಳಗಿನ ತೇವಭರಿತ ಗಾಳಿ ಹೆಚ್ಚು.

ಬಂಕಿನಲ್ಲಿ ಗ್ರಾಹಕರ ಹಕ್ಕುಗಳು

ಪೆಟ್ರೋಲಿನ ಗುಣಮಟ್ಟದ ಬಗ್ಗೆ ಸಂದೇಹ ಬಂದರೆ ಬಂಕಿನಲ್ಲಿ ಫಿಲ್ಟರ್ ಕಾಗದವನ್ನು ಕೇಳಿ ಪಡೆಯಬಹುದು. ನಳಿಕೆಯ ತುದಿಯನ್ನು ಒರೆಸಿ ಒಂದು ಹನಿ ಪೆಟ್ರೋಲನ್ನು ಕಾಗದದ ಮೇಲೆ ಹಾಕಬೇಕು. ಸುಮಾರು ಎರಡು ನಿಮಿಷದಲ್ಲಿ ಕಲೆಯಿಲ್ಲದೆ ಆರಿದರೆ ಅದು ಒಳ್ಳೆಯ ಲಕ್ಷಣ. ಕಲೆ ಉಳಿದರೆ ಕಲಬೆರಕೆಯನ್ನು ಶಂಕಿಸಬಹುದು. ಸಾಂದ್ರತೆಯನ್ನು ಅಳೆದು ತೋರಿಸುವಂತೆಯೂ, ಮುದ್ರೆಯೊತ್ತಿದ 5 ಲೀಟರಿನ ಅಳತೆಪಾತ್ರೆಯಲ್ಲಿ ತುಂಬಿ ತೋರಿಸುವಂತೆಯೂ ಕೇಳುವ ಹಕ್ಕು ಗ್ರಾಹಕರಿಗಿದೆ. ಮೀಟರು ಸೊನ್ನೆಯಿಂದ ಆರಂಭವಾದುದನ್ನು ನೋಡಿಕೊಂಡು, ರಸೀದಿಯನ್ನು ಪಡೆದು ಇಟ್ಟುಕೊಳ್ಳಬೇಕು. ದೂರು ನೀಡಬೇಕಾದಾಗ ರಸೀದಿಯೇ ಆಧಾರ.

ಪೆಟ್ರೋಲ್ ಕಾರಿಗೆ ಡೀಸೆಲನ್ನೋ ಡೀಸೆಲ್ ಕಾರಿಗೆ ಪೆಟ್ರೋಲನ್ನೋ ತಪ್ಪಿ ತುಂಬಿದರೆ ಇಂಜಿನ್ನನ್ನು ಪ್ರಾರಂಭಿಸಲೇಬಾರದು. ಕಾರನ್ನು ತಳ್ಳಿ ಬದಿಗೆ ನಿಲ್ಲಿಸಿ ಟ್ಯಾಂಕನ್ನು ಬರಿದು ಮಾಡಿಸಬೇಕು. ಒಮ್ಮೆ ಇಂಜಿನ್ ತಿರುಗಿದರೆ ತಪ್ಪು ಇಂಧನವು ಪಂಪಿಗೂ ಇಂಜೆಕ್ಟರುಗಳಿಗೂ ತಲುಪಿ ವೆಚ್ಚ ಹಲವು ಪಟ್ಟಾಗುತ್ತದೆ.

ನಿಯತ ಸಂರಕ್ಷಣೆ

ಇಂಜಿನ್ ಎಣ್ಣೆ: ಎಣ್ಣೆಯ ಡಬ್ಬಿಯ ಮೇಲೆ 5ಡಬ್ಲ್ಯು-30 ಎಂಬಂತಹ ಗುರುತಿರುತ್ತದೆ. ಮೊದಲ ಭಾಗವು ತಂಪಿನಲ್ಲಿ ಎಣ್ಣೆ ಹರಿಯುವ ಗುಣವನ್ನೂ, ಎರಡನೆಯ ಸಂಖ್ಯೆಯು ಬಿಸಿಯಲ್ಲಿ ಉಳಿಯುವ ಸ್ನಿಗ್ಧತೆಯನ್ನೂ, ಅಂದರೆ ಮಂದತನವನ್ನೂ ಸೂಚಿಸುತ್ತದೆ. ಇದೊಂದೇ ಸಾಲದು. ಐಷಾರಾಮಿ ಕಾರುಗಳ ತಯಾರಕರು ತಾವೇ ಪರೀಕ್ಷಿಸಿ ಒಪ್ಪಿದ ಎಣ್ಣೆಗಳಿಗೆ ಪ್ರತ್ಯೇಕ ಸಂಕೇತ ನೀಡಿರುತ್ತಾರೆ. ಕೈಪಿಡಿಯಲ್ಲಿರುವ ಸಂಕೇತವು ಡಬ್ಬಿಯ ಮೇಲೂ ಇರಬೇಕು. ಹತ್ತು ಸಾವಿರದಿಂದ ಹದಿನೈದು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಆಗ ಬದಲಾಯಿಸುವುದು ವಾಡಿಕೆ. ನಗರದ ದಟ್ಟಣೆಯಲ್ಲಿ ಕಿಲೋಮೀಟರ್ ಕಡಿಮೆಯಾದರೂ ಇಂಜಿನ್ ಗಂಟೆಗಟ್ಟಲೆ ಓಡಿರುತ್ತದೆ. ಆದುದರಿಂದ ಅಂತಹ ಕಾರುಗಳಿಗೆ ಅವಧಿಯನ್ನು ಮೊಟಕುಗೊಳಿಸುವುದು ಲೇಸು. ಎಣ್ಣೆಯ ಜತೆಗೆ ಎಣ್ಣೆಯ ಫಿಲ್ಟರನ್ನೂ ತಪ್ಪದೆ ಬದಲಾಯಿಸಬೇಕು.

ತಂಪುಕಾರಕ ದ್ರವ: ಕೂಲಂಟನ್ನು ತಯಾರಕರು ಸೂಚಿಸಿದ ಬಗೆಯದನ್ನೇ ಬಳಸಬೇಕು. ಬಣ್ಣ ಒಂದೇ ಆಗಿದ್ದ ಮಾತ್ರಕ್ಕೆ ಗುಣ ಒಂದೇ ಎಂದು ತಿಳಿಯಬಾರದು. ಬೆರೆಸಲು ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರೇ ಬೇಕು. ಬೋರ್‌ವೆಲ್ಲಿನ ಗಡುಸು ನೀರಿನಿಂದ ರೇಡಿಯೇಟರಿನಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಬಿಸಿ ಇಂಜಿನ್ನಿನ ಕೂಲಂಟ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಚಿಮ್ಮುವ ದ್ರವದಿಂದ ಮುಖ, ಕೈಗಳು ಬೇಯುವ ಅಪಾಯವಿದೆ.

ಬ್ರೇಕ್ ದ್ರವ: ಅತಿ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗುವುದು ಇದೇ. ಈ ದ್ರವವು ತೇವಾಂಶವನ್ನು ಹೀರುತ್ತದೆ. ಡಾಟ್ 4 ಮಾನಕದ ಹೊಸ ದ್ರವದ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಸ್ಥಿತಿಯಲ್ಲಿ ಮಾನಕವು ಒಪ್ಪುವ ಮಿತಿ 155 ಡಿಗ್ರಿ ಮಾತ್ರ. ಖಂಡಾಲಾ ಘಾಟಿಯಂತಹ ಇಳಿಜಾರಿನಲ್ಲಿ ಬ್ರೇಕನ್ನು ಪದೇ ಪದೇ ಒತ್ತಿದಾಗ ಹಳೆಯ ದ್ರವ ಕುದಿದು ಆವಿಯ ಗುಳ್ಳೆಗಳೇಳುತ್ತವೆ. ಆಗ ಪೆಡಲು ನೆಲಕ್ಕೆ ತಾಗಿದರೂ ಕಾರು ನಿಲ್ಲದು. ಕಾರು ಎಷ್ಟೇ ಕಡಿಮೆ ಓಡಿರಲಿ, ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಬೇಕು.

ಟೈರುಗಳು: ಚಾಲಕನ ಬಾಗಿಲ ಕಂಬದ ಮೇಲೆ ಅಥವಾ ಇಂಧನದ ಮುಚ್ಚಳದ ಒಳಗೆ ಬರೆದಿರುವ ಒತ್ತಡವನ್ನು, ಟೈರು ತಣ್ಣಗಿರುವಾಗ, ತಿಂಗಳಿಗೆ ಎರಡು ಬಾರಿಯಾದರೂ ಪರೀಕ್ಷಿಸಬೇಕು. ಗಾಳಿ ಕಡಿಮೆಯಾದರೆ ಪೆಟ್ರೋಲು ಹೆಚ್ಚು ಖರ್ಚಾಗುವುದಲ್ಲದೆ, ಹೆದ್ದಾರಿಯ ವೇಗದಲ್ಲಿ ಟೈರು ಕಾದು ಸಿಡಿಯಬಹುದು. ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದುದು. ಹಳೆಯ ಕಾರು ಕೊಳ್ಳುವವರು ತೋಡು ಆಳವಾಗಿದೆಯೆಂದು ಮರುಳಾಗದೆ ಈ ಅಂಕಿಗಳನ್ನು ಓದಬೇಕು. ಓಡದೆ ನಿಂತ ಟೈರಿನ ರಬ್ಬರೂ ಮುಪ್ಪಾಗುತ್ತದೆ.

ಬ್ಯಾಟರಿ: ನಮ್ಮ ಬಿಸಿಲಿಗೆ ಬ್ಯಾಟರಿಯ ಆಯುಷ್ಯ ಕಡಿಮೆ. ಐಷಾರಾಮಿ ಕಾರುಗಳಲ್ಲಿ ಅನೇಕವಕ್ಕೆ ವಿಶಿಷ್ಟ ಬಗೆಯ ಬ್ಯಾಟರಿ ಬೇಕು; ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಕೂರಿಸಿದುದನ್ನು ಗಣಕಕ್ಕೆ ತಿಳಿಸಬೇಕಾಗುತ್ತದೆ. ಇದನ್ನು ಬಲ್ಲ ಗ್ಯಾರೇಜಿನಲ್ಲಿಯೇ ಕೆಲಸ ಮಾಡಿಸುವುದು ಒಳಿತು.

ಇತರ ಭಾಗಗಳು: ಗಾಳಿಯ ಫಿಲ್ಟರು, ಸ್ಪಾರ್ಕ್ ಪ್ಲಗ್ಗು ಮತ್ತು ಗೇರ್‌ಬಾಕ್ಸಿನ ಎಣ್ಣೆಗೆ ಕೈಪಿಡಿಯಲ್ಲಿ ನಿಗದಿಯಾದ ಅವಧಿಯನ್ನು ಪಾಲಿಸಬೇಕು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಿನಲ್ಲಿ ಅದನ್ನು ಬದಲಾಯಿಸುವ ಗಡುವನ್ನು ಮೀರಬಾರದು. ಓಡುತ್ತಿರುವಾಗ ಬೆಲ್ಟ್ ತುಂಡಾದರೆ ಅನೇಕ ಇಂಜಿನ್ನುಗಳಲ್ಲಿ ಕವಾಟಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

ಎಚ್ಚರಿಕೆಯ ದೀಪಗಳು

ಕೆಂಪು ದೀಪ ಹೊತ್ತಿದರೆ ಸುರಕ್ಷಿತ ಸ್ಥಳದಲ್ಲಿ ಕೂಡಲೇ ನಿಲ್ಲಿಸಬೇಕು. ಎಣ್ಣೆಯ ಒತ್ತಡದ ಕೆಂಪು ದೀಪ ಹೊತ್ತಿದ ಮೇಲೆ "ಮನೆ ಹತ್ತಿರವೇ ಇದೆ" ಎಂದು ಓಡಿಸಿದ ಕೆಲವೇ ನಿಮಿಷಗಳಲ್ಲಿ ಇಂಜಿನ್ ಪೂರ್ಣ ಹಾಳಾಗಬಹುದು. ಹಳದಿ ದೀಪ ಸ್ಥಿರವಾಗಿ ಹೊತ್ತಿದರೆ ಬೇಗನೆ ಪರೀಕ್ಷೆ ಮಾಡಿಸಬೇಕೆಂದು ಅರ್ಥ. ಇಂಜಿನ್ನಿನ ಹಳದಿ ದೀಪ ಮಿಣುಕುತ್ತಿದ್ದರೆ ಕಿಡಿ ತಪ್ಪುತ್ತಿದೆಯೆಂದೂ, ಉರಿಯದ ಪೆಟ್ರೋಲು ಕೆಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆಯೆಂದೂ ತಿಳಿದು ವೇಗ ತಗ್ಗಿಸಿ ನಿಲ್ಲಿಸಬೇಕು.

ಮಳೆನೀರಿನಲ್ಲಿ ಸಿಲುಕಿದಾಗ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನೂ, 2015ರ ಡಿಸೆಂಬರಿನಲ್ಲಿ ಚೆನ್ನೈ ನಗರ ಜಲಾವೃತವಾದುದನ್ನೂ ಆ ಊರುಗಳವರು ಮರೆತಿರಲಾರರು. ನಿಂತ ನೀರಿನಲ್ಲಿ ಕಾರು ಆರಿಹೋದರೆ ಮತ್ತೆ ಪ್ರಾರಂಭಿಸಲು ಯತ್ನಿಸಬಾರದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಹೊಕ್ಕಿರುವಾಗ ಇಂಜಿನ್ನನ್ನು ತಿರುಗಿಸಿದರೆ ಕನೆಕ್ಟಿಂಗ್ ರಾಡುಗಳು ಬಾಗುತ್ತವೆ. ಮೊದಲು ಜನರು ಹೊರಬಂದು ಸುರಕ್ಷಿತ ಸ್ಥಳ ಸೇರಬೇಕು. ಬಳಿಕ ಕಾರನ್ನು ಎಳೆಸಿ ಗ್ಯಾರೇಜಿಗೆ ಸಾಗಿಸಬೇಕು. ನೀರಿನಲ್ಲಿ ಇಂಜಿನ್ ತಿರುಗಿಸಿದುದರಿಂದಾದ ಹಾನಿಯನ್ನು ಸಾಮಾನ್ಯ ವಿಮಾ ಪಾಲಿಸಿ ಬಹುಮಟ್ಟಿಗೆ ಭರಿಸುವುದಿಲ್ಲ. ಇಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇದೆಯೇ ಎಂದು ಮಳೆಗಾಲಕ್ಕೆ ಮೊದಲೇ ನೋಡಿಕೊಳ್ಳಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

1. ಇಂಧನ ಮುಚ್ಚಳದ ಒಳಗಿನ ಸಂಖ್ಯೆಯನ್ನು ಓದಿ, ಅಷ್ಟನ್ನೇ ತುಂಬಿ. ಕಡಿಮೆ ಬೇಡ, ಅನವಶ್ಯಕವಾಗಿ ಹೆಚ್ಚೂ ಬೇಡ.

2. ಹದಿನೈದು ದಿನಕ್ಕೊಮ್ಮೆ ಟೈರಿನ ಗಾಳಿ, ತಿಂಗಳಿಗೊಮ್ಮೆ ಎಣ್ಣೆ ಮತ್ತು ಕೂಲಂಟಿನ ಮಟ್ಟ ಪರೀಕ್ಷಿಸಿ.

3. ವರ್ಷಕ್ಕೊಮ್ಮೆ ಇಂಜಿನ್ ಎಣ್ಣೆ, ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ ಬದಲಾಯಿಸಿ.

4. ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ ಮತ್ತು ವಿಮೆ ಚಾಲ್ತಿಯಲ್ಲಿರಲಿ.

5. ಒಂದು ಪುಸ್ತಕದಲ್ಲಿ ದಿನಾಂಕ, ಕಿಲೋಮೀಟರ್, ತುಂಬಿದ ಪೆಟ್ರೋಲು ಮತ್ತು ಮಾಡಿಸಿದ ಕೆಲಸವನ್ನು ಬರೆದಿಡಿ. ಮೈಲೇಜು ಇದ್ದಕ್ಕಿದ್ದಂತೆ ಕುಸಿದರೆ ಆ ಪುಸ್ತಕವೇ ಮೊದಲು ಎಚ್ಚರಿಸುತ್ತದೆ.

6. ಹಳೆಯ ಕಾರು ಕೊಳ್ಳುವ ಮುನ್ನ ಸರ್ವಿಸ್ ದಾಖಲೆಗಳನ್ನು ಕೇಳಿ. ದಾಖಲೆಯಿಲ್ಲದ ಕಾರಿಗೆ ಕೊಂಡೊಡನೆ ಎಲ್ಲ ದ್ರವಗಳನ್ನೂ ಬದಲಾಯಿಸುವ ವೆಚ್ಚವನ್ನು ಬೆಲೆಯಲ್ಲಿಯೇ ಲೆಕ್ಕ ಹಿಡಿಯಿರಿ.

ನಮ್ಮ ದೇಶಕ್ಕೆ ಬೇಕಾಗುವ ಕಚ್ಚಾ ತೈಲದ ಶೇಕಡ 80ಕ್ಕಿಂತ ಹೆಚ್ಚಿನ ಭಾಗ ಹೊರದೇಶಗಳಿಂದ ಬರುತ್ತದೆ. ಸುಸ್ಥಿತಿಯಲ್ಲಿರುವ ಕಾರು ಉಳಿಸುವ ಪ್ರತಿಯೊಂದು ಲೀಟರ್ ಪೆಟ್ರೋಲಿನಿಂದ ಮಾಲೀಕರ ಹಣವೂ ದೇಶದ ವಿದೇಶೀ ವಿನಿಮಯವೂ ಉಳಿಯುತ್ತವೆ. ಅದಕ್ಕಿಂತ ಮಿಗಿಲಾಗಿ, ಘಾಟಿಯ ತಿರುವಿನಲ್ಲಿ ಬ್ರೇಕು ಹಿಡಿಯಬೇಕಾದ ಕ್ಷಣದಲ್ಲಿ ಅದು ಹಿಡಿಯುತ್ತದೆ. ಈ ಲೇಖನವನ್ನು ಓದಿ ಮುಗಿಸಿದವರು ಇಂದೇ ತಮ್ಮ ಕಾರಿನ ಇಂಧನ ಮುಚ್ಚಳವನ್ನು ತೆರೆದು ಅಲ್ಲಿನ ಸಂಖ್ಯೆಯನ್ನು ಓದಿಕೊಂಡು, ಬ್ರೇಕ್ ದ್ರವವನ್ನು ಕಡೆಯ ಬಾರಿ ಬದಲಾಯಿಸಿದ ದಿನಾಂಕವನ್ನು ಹುಡುಕಿ ನೋಡುವುದು ಉಚಿತ. ಆ ದಿನಾಂಕ ಸಿಗದಿದ್ದರೆ, ಬದಲಾಯಿಸುವ ಕಾಲ ಬಂದಿದೆಯೆಂದೇ ತಿಳಿಯತಕ್ಕದ್ದು.